ಪಾಠದ ಮುಂದುವರಿಕೆಯಾಗಿ ಪ್ರವಾಸ

ಕೇಳುಗರೆ, ನಮಸ್ಕಾರ.

ಶಾಲಾ ಪ್ರವಾಸದ ಯೋಜನೆ ಸಾಮಾನ್ಯವಾಗಿ ಒಂದು ಪಟ್ಟಿಯಿಂದ ಆರಂಭವಾಗುತ್ತದೆ. ಎರಡು ದಿನಗಳಲ್ಲಿ ನೋಡಬೇಕಾದ ಎಂಟು ಹತ್ತು ಸ್ಥಳಗಳ ಹೆಸರು, ಪ್ರತಿಯೊಂದರ ಮುಂದೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಎಂಬ ವೇಳೆ, ಕೊನೆಯಲ್ಲಿ ತಲಾ ಶುಲ್ಕ. ಸ್ಥಳಗಳ ಸಂಖ್ಯೆ ಹೆಚ್ಚಿದಷ್ಟೂ ಕೊಟ್ಟ ಹಣ ಸಾರ್ಥಕವಾಯಿತೆಂದು ಪೋಷಕರಿಗೂ ಅನಿಸುತ್ತದೆ, ಶಾಲೆಗೂ ಅನಿಸುತ್ತದೆ. ಆದರೆ ಪ್ರವಾಸಕ್ಕೆ ‘ಶೈಕ್ಷಣಿಕ’ ಎಂಬ ವಿಶೇಷಣವನ್ನು ಸೇರಿಸಿದ ಮೇಲೆ, ಇವುಗಳಲ್ಲಿ ಯಾವ ಸ್ಥಳ ತರಗತಿಯ ಯಾವ ಪಾಠದ ಮುಂದುವರಿಕೆ ಎಂದು ಕೇಳಲೇಬೇಕಾಗುತ್ತದೆ. ಉತ್ತರ ಸಿಗದ ಹೆಸರುಗಳನ್ನು ಹೊಡೆದುಹಾಕುತ್ತ ಹೋದರೆ ಬಹುಶಃ ಒಂದೋ ಎರಡೋ ಉಳಿಯುತ್ತವೆ. ಅಷ್ಟು ಉಳಿದರೆ ಸಾಕು ಎಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು.

ಮಕ್ಕಳನ್ನು ಕಲಿಕೆಗಾಗಿ ಹೊರಗೆ ಕರೆದೊಯ್ಯುವ ಪದ್ಧತಿ ಹೊಸದೇನಲ್ಲ. ಜರ್ಮನಿಯ ಶ್ನೆಪ್‌ಫೆಂಟಾಲ್‌ನಲ್ಲಿ ಜಾಲ್ಟ್ಸ್‌ಮನ್ ಎಂಬ ಶಿಕ್ಷಣ ಸುಧಾರಕರು 1784ರಲ್ಲಿ ಸ್ಥಾಪಿಸಿದ ಶಾಲೆಯಲ್ಲಿ ಸುತ್ತಲಿನ ಬೆಟ್ಟ, ಕಾಡು, ಊರುಗಳ ಸಂಚಾರವೂ ಶಿಕ್ಷಣದ ಭಾಗವಾಗಿತ್ತು. ಆಧುನಿಕ ಭೂಗೋಳಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಕಾರ್ಲ್ ರಿಟ್ಟರ್ ಬಾಲ್ಯದಲ್ಲಿ ಓದಿದ್ದು ಅಲ್ಲಿಯೇ. ಜಪಾನಿನ ಶಾಲಾ ಪ್ರವಾಸಗಳ ಮೂಲವನ್ನು, 1886ರಲ್ಲಿ ಟೋಕಿಯೊದ ಶಿಕ್ಷಕರ ತರಬೇತಿ ಶಾಲೆಯ ವಿದ್ಯಾರ್ಥಿಗಳು ಕೈಗೊಂಡ ದೀರ್ಘ ಕಾಲ್ನಡಿಗೆಯಲ್ಲಿ ಗುರುತಿಸುತ್ತಾರೆ. 1909ರಲ್ಲಿ ರಿಚರ್ಡ್ ಶಿರ್‌ಮನ್ ಎಂಬ ಜರ್ಮನ್ ಶಿಕ್ಷಕರು ವಿದ್ಯಾರ್ಥಿಗಳೊಂದಿಗೆ ನಡೆದು ಹೋಗುತ್ತಿದ್ದಾಗ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯೊಂದರ ಶಾಲಾ ಕೊಠಡಿಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳು ಸಂಚಾರಿ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂಬ ಯೋಚನೆ ಅವರಿಗೆ ಹೊಳೆದದ್ದು ಆಗಲೇ. ಅದರ ಫಲವಾಗಿ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ವಸತಿಗೃಹವೊಂದು ತೆರೆಯಿತು. ಇಂದು ನಾನಾ ದೇಶಗಳಲ್ಲಿರುವ ಯೂತ್ ಹಾಸ್ಟೆಲ್‌ಗಳ ಹಿಂದೆ ಒಂದು ಶಾಲಾ ಪ್ರವಾಸದ ಮಳೆಯಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಈ ಹಳೆಯ ಸಂಚಾರಗಳೆಲ್ಲ ಬಹುಪಾಲು ನಡಿಗೆಯ ವೇಗದಲ್ಲಿ ನಡೆದವು ಎಂಬುದನ್ನೂ ಗಮನಿಸಬೇಕು.

ಪಾಠದ ಮುಂದುವರಿಕೆ ಎಂದರೆ ಏನು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ನದಿಯು ತಿರುವಿನ ಹೊರದಂಡೆಯನ್ನು ಕೊರೆಯುತ್ತದೆ, ಒಳದಂಡೆಯಲ್ಲಿ ಮರಳನ್ನು ಸಂಚಯಿಸುತ್ತದೆ ಎಂಬುದು ಭೂಗೋಳದ ಪುಸ್ತಕದಲ್ಲಿ ಒಂದೇ ವಾಕ್ಯ. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆಯುತ್ತಾರೆ. ಅದೇ ಮಕ್ಕಳನ್ನು ಮೊಣಕಾಲು ಮಟ್ಟದ ನೀರಿರುವ, ಶಿಕ್ಷಕರು ಮೊದಲೇ ಹೋಗಿ ಪರೀಕ್ಷಿಸಿ ಬಂದ ಒಂದು ಹೊಳೆಯ ತಿರುವಿಗೆ ಕರೆದೊಯ್ಯೋಣ. ದಂಡೆಯುದ್ದಕ್ಕೂ 10 ಮೀಟರ್ ಹಗ್ಗ ಹಿಡಿದು, ಮೇಲಿನ ತುದಿಯಲ್ಲಿ ಒಬ್ಬರು ಕಡ್ಡಿಯ ತುಂಡನ್ನು ನೀರಿಗೆ ಬಿಡುತ್ತಾರೆ. ಕೆಳಗಿನ ತುದಿಯಲ್ಲಿ ಇನ್ನೊಬ್ಬರು ಗಡಿಯಾರ ನೋಡುತ್ತಾರೆ. ಹೊರದಂಡೆಯ ಬಳಿ ಕಡ್ಡಿ ಸರಸರನೆ ಸಾಗುತ್ತದೆ, ಒಳದಂಡೆಯ ಬಳಿ ನಿಧಾನವಾಗಿ ತೇಲುತ್ತದೆ, ಕೆಲವೊಮ್ಮೆ ಸುಳಿಗೆ ಸಿಕ್ಕಿ ನಿಂತೇಬಿಡುತ್ತದೆ. ನಿಂತುಹೋದ ಕಡ್ಡಿಯ ಲೆಕ್ಕವನ್ನು ಸರಾಸರಿಗೆ ಸೇರಿಸಬೇಕೋ ಬಿಡಬೇಕೋ ಎಂದು ಮಕ್ಕಳೊಳಗೆ ವಾದ ಹುಟ್ಟುತ್ತದೆ. ಪ್ರಯೋಗಶಾಲೆಯಲ್ಲಿ ಎಷ್ಟು ಹೇಳಿಕೊಟ್ಟರೂ ಹುಟ್ಟದ ವಾದ ಇದು, ಮತ್ತು ವಿಜ್ಞಾನದ ಕೆಲಸದ ತಿರುಳೂ ಇದೇ. ಅಷ್ಟರಲ್ಲಿ ಯಾರೋ ಒಬ್ಬರು, ಕಡ್ಡಿ ತೇಲುವುದು ಮೇಲೆ ತಾನೇ, ತಳದಲ್ಲಿಯೂ ನೀರು ಇದೇ ವೇಗದಲ್ಲಿ ಹರಿಯುತ್ತದೆಯೇ ಎಂದು ಕೇಳುತ್ತಾರೆ. ತಳದ ಕಲ್ಲುಮಣ್ಣಿನ ಘರ್ಷಣೆಯಿಂದ ಕೆಳಗಿನ ನೀರು ನಿಧಾನವಾಗುವುದರಿಂದ, ಮೇಲ್ಮೈ ವೇಗವನ್ನು ಸುಮಾರು 0.85ರಿಂದ ಗುಣಿಸಿ ಸರಾಸರಿ ವೇಗವನ್ನು ಅಂದಾಜಿಸುವ ರೂಢಿಯಿದೆ ಎಂದು ಶಿಕ್ಷಕರು ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಇಲ್ಲ. ಪುಸ್ತಕದ ಆ ಒಂದು ವಾಕ್ಯಕ್ಕೆ ಹೀಗೆ ಅರ್ಧ ದಿನ ಹಿಡಿಯುತ್ತದೆ. ಹತ್ತು ಸ್ಥಳಗಳ ಪಟ್ಟಿಯಲ್ಲಿ ಈ ಅರ್ಧ ದಿನಕ್ಕೆ ಜಾಗವಿರುವುದಿಲ್ಲ.

ಹೊರಡುವ ಮೊದಲಿನ ಸಿದ್ಧತೆಯ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನ ಪ್ರವಾಸಗಳು ಸೊರಗುವುದು ಇಲ್ಲಿಯೇ. ಅಮೆರಿಕದ ಸಂಶೋಧಕ ಜಾನ್ ಫಾಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತೀರ ಅಪರಿಚಿತ ಪರಿಸರಕ್ಕೆ ಹೋದ ಮಕ್ಕಳ ಗಮನ ಮೊದಲು ಆ ಪರಿಸರವನ್ನು ಅರಿತುಕೊಳ್ಳುವುದರಲ್ಲಿಯೇ ವ್ಯಯವಾಗಿ, ಕಲಿಸಬೇಕೆಂದಿದ್ದ ವಿಷಯ ಹಿಂದೆ ಬೀಳುತ್ತದೆ ಎಂಬುದು ಕಂಡುಬಂತು. ಇಸ್ರೇಲಿನ ನಿರ್ ಓರಿಯಾನ್ ಮತ್ತು ಅವಿ ಹಾಫ್‌ಸ್ಟೈನ್ 1994ರಲ್ಲಿ ಇದನ್ನು ಮೂರು ಬಗೆಯ ಅಪರಿಚಿತತೆಯಾಗಿ ವಿಂಗಡಿಸಿದರು: ವಿಷಯದ್ದು, ಸ್ಥಳದ್ದು ಮತ್ತು ಮನಸ್ಸಿಗೆ ಸಂಬಂಧಿಸಿದ್ದು. ನಾವು ಹೆಚ್ಚೆಂದರೆ ಮೊದಲನೆಯದನ್ನು ನಿವಾರಿಸುತ್ತೇವೆ, ಅಂದರೆ ಹಿಂದಿನ ದಿನ ಆ ಪಾಠವನ್ನೊಮ್ಮೆ ಓದಿಸುತ್ತೇವೆ. ಉಳಿದೆರಡು ಹಾಗೆಯೇ ಉಳಿಯುತ್ತವೆ. ಎಷ್ಟು ಹೊತ್ತಿನ ಪ್ರಯಾಣ, ಎಲ್ಲಿ ಊಟ, ಶೌಚಾಲಯ ಎಲ್ಲಿದೆ, ಎಷ್ಟು ದೂರ ನಡೆಯಬೇಕು, ಸುತ್ತಾಡಲು ಬಿಡುವು ಸಿಗುತ್ತದೆಯೇ ಎಂಬ ಪ್ರಶ್ನೆಗಳು ದೊಡ್ಡವರಿಗೆ ಕ್ಷುಲ್ಲಕವಾಗಿ ಕಾಣಬಹುದು. ಮಗುವಿನ ತಲೆಯಲ್ಲಿ ಮಾತ್ರ ಅವು ದಿನವಿಡೀ ಸುಳಿಯುತ್ತಿರುತ್ತವೆ. ಭೇಟಿ ನೀಡುವ ಸ್ಥಳದ ನಕ್ಷೆಯನ್ನೂ ನಾಲ್ಕು ಚಿತ್ರಗಳನ್ನೂ ಮುಂದಿಟ್ಟುಕೊಂಡು ಹಿಂದಿನ ದಿನವೇ ಇವಕ್ಕೆಲ್ಲ ಉತ್ತರ ಹೇಳಿದರೆ, ಮರುದಿನ ಆ ತಲೆ ಪಾಠಕ್ಕೆ ತೆರವಾಗಿರುತ್ತದೆ.

ಸ್ಥಳದಲ್ಲಿ ಮಕ್ಕಳ ಕೈಗೆ ಕೊಡುವ ಪ್ರಶ್ನೆಪತ್ರಿಕೆಗಳ ಬಗ್ಗೆ ನನಗೆ ಹೆಚ್ಚು ಗೌರವವಿಲ್ಲ. ಇಪ್ಪತ್ತು ಖಾಲಿ ಜಾಗಗಳಿರುವ ಹಾಳೆ ಸಿಕ್ಕ ಮಗು ವಸ್ತುಸಂಗ್ರಹಾಲಯದಲ್ಲಿ ವಸ್ತುಗಳನ್ನು ಬಿಟ್ಟು ಅವುಗಳ ಕೆಳಗಿನ ಫಲಕಗಳನ್ನು ನಕಲು ಮಾಡುತ್ತ ಹೋಗುತ್ತದೆ. ಅದರ ಬದಲು ಒಂದೇ ವಸ್ತುವಿನ ಮುಂದೆ ಹತ್ತು ನಿಮಿಷ ಕುಳಿತು, ಅದರ ಚಿತ್ರ ಬರೆದು, ಇದು ಹೀಗೇಕಿದೆ ಎಂದು ಒಂದೇ ಒಂದು ಪ್ರಶ್ನೆಯನ್ನು ತಾನೇ ಬರೆದುಕೊಂಡು ಬರಲಿ. ಹಿಂದಿರುಗಿದ ವಾರದಲ್ಲಿ ಆ ಪ್ರಶ್ನೆಗಳೇ ತರಗತಿಯ ಪಾಠವಾಗಬೇಕು. ‘ನಾವು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ ಬರೆಸಿ ಕೈತೊಳೆದುಕೊಂಡರೆ ಎಲ್ಲರ ಪ್ರಬಂಧವೂ ಬಸ್ಸು ಹೊರಟಲ್ಲಿಂದ ಆರಂಭವಾಗಿ ಬಸ್ಸು ಮರಳಿದಲ್ಲಿಗೆ ಮುಗಿಯುತ್ತದೆ.

ಇಷ್ಟೆಲ್ಲ ಮಾಡಿದರೆ ಫಲ ಸಿಗುತ್ತದೆಯೇ? ಅಮೆರಿಕದ ಆರ್ಕನ್‌ಸಾ ರಾಜ್ಯದಲ್ಲಿ 2011ರಲ್ಲಿ ಆರಂಭವಾದ ಕ್ರಿಸ್ಟಲ್ ಬ್ರಿಡ್ಜಸ್ ಕಲಾ ಸಂಗ್ರಹಾಲಯಕ್ಕೆ ಶಾಲೆಗಳ ಬೇಡಿಕೆ ವಿಪರೀತವಾದಾಗ, ಲಾಟರಿ ಎತ್ತಿ ಗುಂಪುಗಳನ್ನು ಆರಿಸಿದರು. ಹೋದವರನ್ನೂ ಇನ್ನೂ ಹೋಗದವರನ್ನೂ ಹೋಲಿಸಲು ಸಂಶೋಧಕರಿಗೆ ಇದರಿಂದ ಅಪರೂಪದ ಅವಕಾಶ ದೊರೆಯಿತು. 123 ಶಾಲೆಗಳ 10,912 ವಿದ್ಯಾರ್ಥಿಗಳು ಆ ಅಧ್ಯಯನಕ್ಕೆ ಒಳಪಟ್ಟರು. ಸುಮಾರು ಒಂದು ಗಂಟೆಯ ಭೇಟಿ ಮುಗಿದು ವಾರಗಳು ಕಳೆದ ಮೇಲೂ ಮಕ್ಕಳಿಗೆ ಚಿತ್ರಗಳ ಹಿಂದಿನ ವಿವರಗಳು ನೆನಪಿದ್ದವು: ಗುಲಾಮರ ದುಡಿಮೆಯಿಂದ ಬರುವ ಸಕ್ಕರೆಗೆ ಪರ್ಯಾಯವಾಗಿ ಗುಲಾಮಗಿರಿಯ ವಿರೋಧಿಗಳು ಮೇಪಲ್ ಮರದ ರಸವನ್ನು ಕುದಿಸಿ ಪಾಕ ತಯಾರಿಸುತ್ತಿದ್ದುದನ್ನು ತೋರುವ ಚಿತ್ರವನ್ನು ಕಂಡವರಲ್ಲಿ 88 ಶೇಕಡಾ ಮಕ್ಕಳು ಅದರ ಅರ್ಥವನ್ನು ಹೇಳಬಲ್ಲವರಾಗಿದ್ದರು. ಇದಕ್ಕೆ ಪರೀಕ್ಷೆಯೂ ಇರಲಿಲ್ಲ, ಅಂಕವೂ ಇರಲಿಲ್ಲ. ಚಿತ್ರವನ್ನು ಆಲೋಚಿಸಿ ನೋಡುವ ಶಕ್ತಿಯಲ್ಲಿ ಹೆಚ್ಚು ಲಾಭ ಪಡೆದವರು ಹಳ್ಳಿಗಾಡಿನ ಮಕ್ಕಳು ಮತ್ತು ಬಡ ಕುಟುಂಬಗಳ ಮಕ್ಕಳು.

ನನ್ನ ದೃಷ್ಟಿಯಲ್ಲಿ ಈ ಕೊನೆಯ ಅಂಶವೇ ಶಾಲೆಗಳು ಗಮನಿಸಬೇಕಾದದ್ದು. ಆ ಸಂಗ್ರಹಾಲಯ ಶಾಲೆಗಳ ಬಸ್ಸಿನ ಮತ್ತು ಊಟದ ವೆಚ್ಚವನ್ನೂ ತಾನೇ ಭರಿಸಿತ್ತು. ಬಹುತೇಕ ಶಾಲೆಗಳಲ್ಲಿ ಹಾಗಿಲ್ಲ. ಶುಲ್ಕ ಕೊಡಲಾಗದವರ ಹೆಸರು ಮೌನವಾಗಿ ಬಿಟ್ಟುಹೋಗುತ್ತದೆ, ಅಂದರೆ ಯಾರಿಗೆ ಹೆಚ್ಚು ಉಪಯೋಗವೋ ಅವರೇ ಮನೆಯಲ್ಲಿ ಉಳಿಯುತ್ತಾರೆ. ಅರ್ಧ ತರಗತಿ ಮಾತ್ರ ಹೋಗಿಬಂದ ಪ್ರವಾಸದ ಮೇಲೆ ಮರುವಾರ ಪಾಠ ಮಾಡುವುದೂ ಶಿಕ್ಷಕರಿಗೆ ಕಷ್ಟ. ಆದ್ದರಿಂದ ಸ್ಥಳವನ್ನು ಆರಿಸಿ ಆಮೇಲೆ ಶುಲ್ಕ ಲೆಕ್ಕ ಹಾಕುವ ಕ್ರಮವನ್ನು ತಿರುಗಿಸಿ, ತರಗತಿಯ ಎಲ್ಲರೂ ಕೊಡಬಲ್ಲ ಮೊತ್ತ ಎಷ್ಟು, ನಡೆಯಲಾಗದ ಮಗುವೂ ತಲುಪಬಲ್ಲ ದಾರಿ ಯಾವುದು ಎಂಬುದನ್ನು ಮೊದಲು ನಿರ್ಧರಿಸಿ, ಆ ಮಿತಿಯೊಳಗೆ ಸ್ಥಳ ಹುಡುಕುವುದು ಸೂಕ್ತ. ಹಾಗೆ ಹುಡುಕಿದಾಗ ಸಿಗುವ ಸ್ಥಳ ಬಹುಮಟ್ಟಿಗೆ ಹತ್ತಿರದ್ದೇ ಆಗಿರುತ್ತದೆ. ಹತ್ತಿರದ ಸ್ಥಳಕ್ಕೆ ವರ್ಷದಲ್ಲಿ ಎರಡು ಬಾರಿ, ಬೇಸಿಗೆಗೊಮ್ಮೆ ಮತ್ತು ಮಳೆಗಾಲ ಕಳೆದ ಮೇಲೊಮ್ಮೆ, ಹೋಗಿ ಹಿಂದಿನ ಅಳತೆಯ ಪಕ್ಕದಲ್ಲಿ ಹೊಸ ಅಳತೆಯನ್ನು ಬರೆದಿಡಬಹುದು.