ಪಿ.ಜೆ. ಬಡಾವಣೆಯ ಹೊಸ್ತಿಲು

ಕೇಳುಗರೇ, ನಮಸ್ಕಾರ.

ಮೊನ್ನೆ ದಾವಣಗೆರೆ ಸ್ಟೇಷನ್ ಹತ್ತಿರ ಆಟೋ ಹತ್ತಿ ಪಿ.ಜೆ. ಬಡಾವಣೆ ಅಂದೆ. ಆಟೋದವನು ನಕ್ಕ. "ಪಿ.ಜೆ. ಎಲ್ಲೈತಿ ಸರ, ಈಗೆಲ್ಲ ಪಿ.ಜಿ.!"

ಪಿ.ಜೆ. ಅಂದ್ರೆ ಪ್ರಿನ್ಸ್ ಜಯಚಾಮರಾಜ. 1940ರಲ್ಲೇ ಅವರು ಮೈಸೂರಿನ ಮಹಾರಾಜರಾದರು. ನಮ್ಮ ಬಡಾವಣೆ ಮಾತ್ರ ಅವರನ್ನು ಇನ್ನೂ ಪ್ರಿನ್ಸ್ ಆಗಿಯೇ ಇಟ್ಟುಕೊಂಡಿದೆ.

ಮಂಡಿಪೇಟೆ, ಚೌಕಿಪೇಟೆ ಕಡೆ ಮುಂದೆ ಅಂಗಡಿ, ಹಿಂದೆ ಮನೆ. ಪಕ್ಕದ ಮನೆಯ ಒಗ್ಗರಣೆಗೆ ಈ ಮನೆಯವರು ಸೀನಬೇಕು. ಇಲ್ಲಿ ಹಾಗಲ್ಲ. ಕಾಂಪೌಂಡು, ಗೇಟು, ಗೇಟಿನಿಂದ ಬಾಗಿಲಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಲ್ಲೇ ಒಂದು ತೆಂಗು, ಒಂದು ಪಾರಿಜಾತ.

ನನ್ನ ಗೆಳೆಯನ ಮನೆಯೂ ಹೀಗೇ ಇತ್ತು. ಆರು ವರ್ಷದ ಹಿಂದೆ ಒಡೆಸಿದರು. ಒಡೆಯುವವನು ಕೂಲಿ ಕೇಳಲಿಲ್ಲ. "ಬಾಗಿಲು, ಕಿಟಕಿ, ತೊಲೆ ನಂಗೆ ಬಿಡ್ರಿ, ಸಾಕು" ಅಂದ. ತೇಗದ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಟೆಂಪೋಗೆ ಹಾಕುವಾಗ ನಾನಲ್ಲೇ ಇದ್ದೆ. ಹೊಸ್ತಿಲಿಗೆ ಹಚ್ಚಿದ್ದ ಅರಿಶಿನ ಹಾಗೇ ಇತ್ತು. ಗೆಳೆಯನ ಅಮ್ಮ ಬಂದು ಸೆರಗಿನಿಂದ ಒರೆಸಿದರು. "ಮಾರೋ ಸಾಮಾನಿಗೆ ಯಾಕಪ್ಪಾ ಅರಿಶಿನ" ಅಂದರು.

ದುಡ್ಡಿನಾಸೆ ಅಂತ ಸುಮ್ನೆ ಹೇಳಿಬಿಡಬಹುದು. ನಾನು ಹೇಳಲ್ಲ. ಅವರು ಮೂವರು ಅಣ್ಣತಮ್ಮಂದಿರು. ಒಂದು ಪಡಸಾಲೆ, ಒಂದು ಬಾವಿ ಮೂರು ಪಾಲಾಗಲ್ಲ. ಫ್ಲ್ಯಾಟು ಆಗುತ್ತೆ. ಹಳೆ ಮನೆಯ ಬಚ್ಚಲು ಹಿತ್ತಲಲ್ಲಿತ್ತು. ಮಂಡಿನೋವಿನ ಅಮ್ಮ ಮಳೆಯಲ್ಲಿ, ಕತ್ತಲಲ್ಲಿ ಅಲ್ಲಿಗೆ ಹೋಗಬೇಕಿತ್ತು. ಹಳೆ ಮನೆ ಚೆಂದ ಅನ್ನುವ ನಾವು ಅಲ್ಲಿ ಪಾತ್ರೆ ತೊಳೆದವರಲ್ಲ, ಅಲ್ವಾ?

ಊರೂ ಬದಲಾಯಿತು. 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಬಂದವು. 1997ರಲ್ಲಿ ಜಿಲ್ಲೆಯಾಯಿತು. ಹೊರಗಿನಿಂದ ಬಂದ ಹುಡುಗರಿಗೆ ರೂಮು ಬೇಕು, ಡಾಕ್ಟರಿಗೆ ಕ್ಲಿನಿಕ್ ಬೇಕು. ಮಲ್ಲಿಗೆ ಬಳ್ಳಿ ಹಬ್ಬಿದ್ದ ಪೋರ್ಟಿಕೋಗಳಲ್ಲಿ ಈಗ ಔಷಧಿ ಅಂಗಡಿ.

ಗೆಳೆಯನ ಅಮ್ಮ ಈಗ ಮೂರನೇ ಮಹಡಿಯಲ್ಲಿದ್ದಾರೆ. ಬಚ್ಚಲು ಕೋಣೆಗೇ ಅಂಟಿಕೊಂಡಿದೆ, ಅದೊಂದು ಸುಖ ಅನ್ನುತ್ತಾರೆ. ಸಂಜೆ ಐದಾದರೆ ಮಾತ್ರ ಲಿಫ್ಟಿನಲ್ಲಿ ಕೆಳಗಿಳಿಯುತ್ತಾರೆ. ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ರಸ್ತೆ ನೋಡುತ್ತಾ ಹೂ ಕಟ್ಟುತ್ತಾರೆ. ಮೊದಲು ಒಂದೇ ಕುರ್ಚಿ ಇತ್ತು. ಈಗ ಐದಾಗಿವೆ. ಕಾರು ಬಂದರೆ ಐವರೂ ಎದ್ದು, ಕುರ್ಚಿ ಸರಿಸಿ, ಮತ್ತೆ ಕೂರುತ್ತಾರೆ.