ಇಳಿಯುವುದು ಸುಲಭ, ಏರುವಾಗ ಜೋಕೆ

ಕೇಳುಗರಿಗೆ ನಮಸ್ಕಾರ.

ಮದುವೆಯಾದ ಹೊಸತರಲ್ಲಿ ಅಂಡಮಾನ್‌ಗೆ ಹೋಗಿಬರುವುದು ಈಗ ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯ ಮಕ್ಕಳಿಗೂ ಮಾಮೂಲಾಗಿದೆ. ದೇವನಹಳ್ಳಿಯಲ್ಲಿ ವಿಮಾನ ಹತ್ತಿ ಪೋರ್ಟ್ ಬ್ಲೇರ್‌ನಲ್ಲಿ, ಅಂದರೆ ಈಗಿನ ಶ್ರೀ ವಿಜಯಪುರಂನಲ್ಲಿ ಇಳಿಯುತ್ತಾರೆ. ಅಲ್ಲಿಂದ ಹಡಗಿನಲ್ಲಿ ಹ್ಯಾವ್‌ಲಾಕ್. ಆ ದ್ವೀಪಕ್ಕೆ 2018ರಿಂದ ಸ್ವರಾಜ್ ದ್ವೀಪ ಎಂದು ಹೆಸರು. ಅಷ್ಟು ದೂರ ಬೇಡ ಎನ್ನುವವರು ಮುರುಡೇಶ್ವರಕ್ಕೆ ಹೋಗಿ, ದೋಣಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ನೀರಿಗಿಳಿಯುತ್ತಾರೆ. ಇವರೆಲ್ಲರ ಮನೆಯಲ್ಲಿ ಅಪ್ಪ ಅಮ್ಮ ಕೇಳುವ ಪ್ರಶ್ನೆ ಒಂದೇ: "ಅಷ್ಟು ಆಳಕ್ಕೆ ಇಳಿದರೆ ಏನಾದರೂ ಆದೀತಾ?"

ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾದಲ್ಲಿ ದೊಡ್ಡ ಅಪಾಯ ಇಳಿಯುವುದರಲ್ಲಿ ಇಲ್ಲ, ಏರುವುದರಲ್ಲಿದೆ. ಇವತ್ತು ನಾನು ಹೇಳುವುದು ಇದೊಂದೇ ಮಾತು. ಮಿಕ್ಕದ್ದು ಮರೆತರೂ ಇದನ್ನು ಮರೆಯಬೇಡಿ.

ನೀರಿನ ತೂಕ ಎಷ್ಟು ಅಂತ ಮೊದಲು ನೋಡೋಣ. ನಮ್ಮ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. 2001ರಲ್ಲಿ ಗಣಿ ಮುಚ್ಚುವ ಮುಂಚೆ ಆ ತಳದಲ್ಲಿ ನಿಂತವನ ಮೇಲೆ ಗಾಳಿಯ ಒತ್ತಡ ಎಷ್ಟು ಹೆಚ್ಚಾಗುತ್ತಿತ್ತೋ, ಸಮುದ್ರದಲ್ಲಿ ಸುಮಾರು 4 ಮೀಟರ್ ಇಳಿದರೆ ಅಷ್ಟೇ ಹೆಚ್ಚಾಗುತ್ತದೆ. 10 ಮೀಟರಿಗೆ ಒತ್ತಡ ದಡದಲ್ಲಿ ಇದ್ದುದರ ಎರಡರಷ್ಟು. ಮೊದಲ ಸಲ ಹೋಗುವವರನ್ನು ಇಳಿಸುವುದು 12 ಮೀಟರಿನವರೆಗೆ ಮಾತ್ರ. ಮೂರು ನಾಲ್ಕು ದಿನದ, ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ 18 ಮೀಟರ್.

ಈಗ ಉಸಿರಿನ ವಿಷಯ. ಬಾವಿಯಲ್ಲಿ ಈಜು ಕಲಿತವರಿಗೆ ಒಂದು ಅಭ್ಯಾಸ ಇರುತ್ತದೆ. ಮೇಲೆ ದೊಡ್ಡದಾಗಿ ಉಸಿರೆಳೆದು, ಕಟ್ಟಿಕೊಂಡು ಮುಳುಗುವುದು. ಬಾವಿಯಲ್ಲಿ ಅದರಿಂದ ಶ್ವಾಸಕೋಶಕ್ಕೆ ಪೆಟ್ಟಾಗುವುದಿಲ್ಲ. ಮೇಲೆ ತುಂಬಿಕೊಂಡ ಗಾಳಿ ಕೆಳಗೆ ಕುಗ್ಗುತ್ತದೆ, ವಾಪಸ್ ಬಂದಾಗ ಮೊದಲಿನಷ್ಟೇ ಆಗುತ್ತದೆ. ಸ್ಕೂಬಾದಲ್ಲಿ ಹಾಗಲ್ಲ, ಉಸಿರೆಳೆಯುವುದೇ ಕೆಳಗೆ. 10 ಮೀಟರ್ ಆಳದಲ್ಲಿ 5 ಲೀಟರ್ ಗಾಳಿ ಎಳೆದು ಬಾಯಿ ಬಿಗಿದು ಮೇಲೆ ಬಂದರೆ, ಅದು ಹಿಗ್ಗಿ 10 ಲೀಟರ್ ಆಗಲು ಹೊರಡುತ್ತದೆ. ಎದೆಗೂಡಿನಲ್ಲಿ ಅಷ್ಟು ಜಾಗ ಎಲ್ಲಿದೆ? ಶ್ವಾಸಕೋಶ ಹರಿಯುತ್ತದೆ. ಇದಕ್ಕೆ 10 ಮೀಟರೇ ಬೇಕಾಗಿಲ್ಲ, ನಾಲ್ಕೈದು ಅಡಿ ಸಾಕು. ಆದ್ದರಿಂದ ಬಾವಿಯ ಅಭ್ಯಾಸವನ್ನು ಬಾವಿಯಲ್ಲೇ ಬಿಟ್ಟು ಬನ್ನಿ. ನೀರಿನಡಿಯಲ್ಲಿ ಉಸಿರು ಕಟ್ಟಲೇಬಾರದು. ನಿಧಾನವಾಗಿ ಎಳೆಯಿರಿ, ಇನ್ನೂ ನಿಧಾನವಾಗಿ ಬಿಡಿ. ಗುಳ್ಳೆ ಹೋಗುತ್ತಲೇ ಇರಬೇಕು.

ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರುವುದು ಆಮ್ಲಜನಕ ಅಂತ ಎಷ್ಟು ಜನ ಹೇಳುತ್ತಾರೆ! ಅಲ್ಲ. ನೀವು ಈಗ ಉಸಿರಾಡುತ್ತಿರುವ ಇದೇ ಗಾಳಿಯನ್ನು ಸೋಸಿ, ಸುಮಾರು 200 ಬಾರ್, ಅಂದರೆ ದಡದ ಗಾಳಿಯ ಸುಮಾರು 200ರಷ್ಟು ಒತ್ತಡದಲ್ಲಿ ತುಂಬಿರುತ್ತಾರೆ. 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 2,200 ಲೀಟರಿನಷ್ಟು ಗಾಳಿ ಹಿಡಿಯುತ್ತದೆ. ಸಿಲಿಂಡರಿನ ಒತ್ತಡ ತೋರಿಸುವ ಮುಳ್ಳು 50 ಬಾರ್‌ಗೆ ಬರುವ ಹೊತ್ತಿಗೆ ನೀವು ನೀರಿನಿಂದ ಮೇಲಿರಬೇಕು.

ಇಳಿಯುವಾಗ ಕಾಟ ಕೊಡುವುದು ಮುಖ್ಯವಾಗಿ ಕಿವಿ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆತ್ತಗೆ ಊದಬೇಕು. ನೋವು ಶುರುವಾದ ಮೇಲೆ ಊದುವುದಲ್ಲ. ಮುಳುಗುವ ಮುಂಚೆಯೇ ಒಮ್ಮೆ, ಆಮೇಲೆ ಅರ್ಧ ಮೀಟರಿಗೊಮ್ಮೆ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಊದಿ. ಜೋರು ಮಾಡಿದರೆ ತಮಟೆ ಹರಿದೀತು. ನೆಗಡಿ ಇದ್ದರೆ ಆ ದಿನ ಇಳಿಯಬೇಡಿ. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿದರೆ, ಅದರ ಶಕ್ತಿ ಕೆಳಗಿರುವಾಗಲೇ ಮುಗಿದು, ಏರುವಾಗ ಗಾಳಿ ಒಳಗೇ ಸಿಕ್ಕಿಕೊಳ್ಳಬಹುದು. ನೋಡಿ, ಇಲ್ಲೂ ಏರುವುದೇ ಕಷ್ಟ.

ಮೀಸೆ ಇರುವವರಿಗೆ ಒಂದು ಮಾತು. ಕಣ್ಣು, ಮೂಗು ಮುಚ್ಚುವ ಮಾಸ್ಕಿನ ಸಿಲಿಕೋನ್ ಅಂಚು ಮೂಗಿನ ಕೆಳಗೆ ಚರ್ಮಕ್ಕೇ ಅಂಟಬೇಕು. ಕೂದಲ ಸಂದಿನಲ್ಲಿ ನೀರು ಜಿನುಗಿ ಒಳಗೆ ಬರುತ್ತದೆ. ಮೀಸೆ ಪೂರ್ತಿ ತೆಗೆಯಬೇಕಾಗಿಲ್ಲ, ಮೂಗಿನ ಕೆಳಗೆ ಅಂಚು ಕೂರುವ ಒಂದು ಗೆರೆಯಷ್ಟು ಬೋಳಿಸಿದರೆ ಸಾಕು. ವ್ಯಾಸಲೀನ್ ಬಳಿಯಬೇಡಿ, ಅದು ಅಂಚನ್ನೇ ಹಾಳು ಮಾಡುತ್ತದೆ. ಕನ್ನಡಕದವರು ಪವರ್ ಗಾಜಿನ ಮಾಸ್ಕ್ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಇನ್ನು ಮೇಕೆಗಳ ಕಥೆ. ಇದನ್ನು ಹೇಳದೆ ಬಿಡುವ ಹಾಗಿಲ್ಲ. ನೂರು ವರ್ಷದ ಹಿಂದೆ, ಸಮುದ್ರದಲ್ಲಿ ಕೆಲಸ ಮಾಡಿ ಮೇಲೆ ಬಂದ ಮುಳುಗುಗಾರರು ಕೈಕಾಲು ಕೀಲು ಹಿಡಿದು ಒದ್ದಾಡುತ್ತಿದ್ದರು. ಕೆಲವರಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪುತ್ತಿತ್ತು, ಕೆಲವರು ಸಾಯುತ್ತಿದ್ದರು. ಇದಕ್ಕೆ ದಾರಿ ಹುಡುಕುವ ಕೆಲಸ ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಅವರಿಗೆ ಬಂತು. ಗಣಿಯಲ್ಲಿ ವಿಷಗಾಳಿ ಪತ್ತೆಗೆ ಕ್ಯಾನರಿ ಹಕ್ಕಿ ಇಟ್ಟುಕೊಳ್ಳಿ ಎಂದು ಹೇಳಿದವರೂ ಇವರೇ, ಗಣಿಯ ಜಿಲ್ಲೆಯವರು ನಾವು ನೆನೆಯಬೇಕಾದ ಹೆಸರು. ಅವರು 80ಕ್ಕೂ ಹೆಚ್ಚು ಮೇಕೆಗಳನ್ನು ತಂದರು. ಒಂದಷ್ಟನ್ನು ಉಕ್ಕಿನ ಕೋಣೆಯಲ್ಲಿ ಕೂಡಿ, ಗಾಳಿಯ ಒತ್ತಡ ಏರಿಸಿ ಗಂಟೆಗಟ್ಟಲೆ ಬಿಟ್ಟರು. ಮೇಕೆಗಳು ಆರಾಮವಾಗಿದ್ದವು. ಒತ್ತಡವನ್ನು ತಟ್ಟನೆ ಇಳಿಸಿದಾಗ ನೋಡಿ, ಮೇಕೆ ಮುಂಗಾಲೊಂದನ್ನು ಮಡಚಿ ಎತ್ತಿಕೊಂಡು ನಿಂತಿತು, ನೆಲಕ್ಕೆ ಊರಲೊಲ್ಲದು. ಕೀಲಿನಲ್ಲಿ ನೋವು. ಮೇಕೆ ಸಾಕಿದವರಿಗೆ ಆ ಕಾಲೆತ್ತುವುದರ ಅರ್ಥ ಹೇಳಬೇಕಾಗಿಲ್ಲ.

ಕಾರಣ ಇಷ್ಟೇ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನಲ್ಲೇ ಹೊರಗೆ ಹೋಗುತ್ತದೆ. ಅವಸರ ಮಾಡಿದರೆ ಗೋಲಿಸೋಡದ ಗೋಲಿ ಒತ್ತಿದ ಹಾಗೆ, ಒಳಗೇ ಗುಳ್ಳೆ ಏಳುತ್ತದೆ. ಒತ್ತಡವನ್ನು ಅರ್ಧಕ್ಕೆ ಇಳಿಸಿ, ನಿಲ್ಲಿಸಿ, ಮತ್ತೆ ಇಳಿಸಿದರೆ ಮೇಕೆಗಳಿಗೆ ತೊಂದರೆ ಕಡಿಮೆ ಎಂದು ಹಾಲ್ಡೇನ್ ಕಂಡುಕೊಂಡರು. ಎಲ್ಲಿ ಎಷ್ಟು ಹೊತ್ತು ನಿಂತು ಏರಬೇಕು ಎಂದು 1908ರಲ್ಲಿ ಬಂದ ಆ ಲೆಕ್ಕದ ಪಟ್ಟಿಯೇ, ಮುಳುಗುವವರು ಇವತ್ತು ಕೈಗೆ ಕಟ್ಟಿಕೊಳ್ಳುವ ಡೈವ್ ಕಂಪ್ಯೂಟರಿನ ಮೂಲಪುರುಷ. ಈ ಪ್ರಯೋಗಗಳಲ್ಲೇ ಸ್ಕಾಟ್ಲೆಂಡಿನ ತಣ್ಣನೆಯ ನೀರಿಗೆ ಅವರ 13 ವರ್ಷದ ಮಗನೂ ಇಳಿದಿದ್ದ, ಮೈಗೆ ದೊಡ್ಡದಾದ ಸೂಟು ಹಾಕಿಕೊಂಡು. ಆ ಹುಡುಗನೇ ಮುಂದೆ ಹೆಸರಾಂತ ಜೀವಶಾಸ್ತ್ರಜ್ಞ ಜೆ.ಬಿ.ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಸಮಯ ಕಡಿಮೆ ಉಳಿದಿದೆ, ಬೇಗ ಹೇಳುತ್ತೇನೆ. ಏರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು. 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲಬೇಕು. ಬೇಸರವಾದರೂ ನಿಲ್ಲಿ. ಹೆಬ್ಬೆರಳು ಎತ್ತಿ ತೋರಿಸಿದರೆ ನೀರಿನಡಿಯಲ್ಲಿ "ಸೂಪರ್" ಅಂತ ಅರ್ಥವಲ್ಲ, "ನನ್ನನ್ನು ಮೇಲೆ ಕರೆದುಕೊಂಡು ಹೋಗಿ" ಅಂತ. ಚೆನ್ನಾಗಿದೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ಆಸ್ತಮಾ, ಮೂರ್ಛೆ, ಹೃದಯದ ತೊಂದರೆ, ಬಸಿರು ಇದ್ದರೆ, ಇಳಿಯುವ ಮುಂಚೆ ತುಂಬಿಸುವ ಆರೋಗ್ಯದ ಫಾರಂನಲ್ಲಿ ಮುಚ್ಚಿಡಬೇಡಿ, ಆ ಫಾರಂ ಇರುವುದು ನಿಮ್ಮ ಜೀವಕ್ಕಾಗಿ. ಹವಳ ಮುಟ್ಟಬೇಡಿ. ಸತ್ತ ಹವಳದ ತುಂಡನ್ನೂ ಚೀಲಕ್ಕೆ ಹಾಕಬೇಡಿ, 1972ರ ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ.

ಕೊನೆಗೆ ಮನೆಗೆ ಬರುವ ದಾರಿ. ಅದೂ ಏರುವುದೇ. ಹಾರುವ ವಿಮಾನದೊಳಗಿನ ಗಾಳಿ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ತೆಳುವಾಗಿರಬಹುದು. ನಂದಿಬೆಟ್ಟ 1,478 ಮೀಟರ್ ಅಷ್ಟೇ. ಒಂದೇ ಸಲ ಇಳಿದಿದ್ದರೆ 12 ಗಂಟೆ, ಹಲವು ಸಲ ಇಳಿದಿದ್ದರೆ 18 ಗಂಟೆ ಕಾಯಬೇಕು ಎನ್ನುತ್ತದೆ ನಿಯಮ. ನೀವು 24 ಗಂಟೆ ಅಂತಲೇ ಇಟ್ಟುಕೊಳ್ಳಿ. ಟಿಕೆಟ್ ಮಾಡಿಸುವಾಗಲೇ ಕೊನೆಯ ದಿನ ಖಾಲಿ ಬಿಡಿ. ಮುರುಡೇಶ್ವರಕ್ಕೆ ಹೋದವರಿಗೂ ಇದು ಅನ್ವಯಿಸುತ್ತದೆ. ನಾವಿರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ, ಅಂದೇ ರಾತ್ರಿ ಬಸ್ಸು ಹತ್ತಿದರೆ ಘಾಟಿ ಏರುತ್ತೀರಿ. ಆ ರಾತ್ರಿ ಅಲ್ಲೇ ಉಳಿಯಿರಿ.

ಊರಿಗೆ ಬಂದ ಮೇಲೆ ಭುಜ, ಮೊಣಕೈ, ಮಂಡಿಯಲ್ಲಿ ಹೇಳಲಾಗದ ನೋವು, ಜುಮ್ಮೆನ್ನುವುದು, ಕಾಲಿನಲ್ಲಿ ಬಲ ಇಲ್ಲದಿರುವುದು ಕಂಡರೆ, ಮುಲಾಮು ಹಚ್ಚಿ ಮಲಗಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಸಮುದ್ರವಿಲ್ಲದ ಜಿಲ್ಲೆಯ ವೈದ್ಯರಿಗೆ ಇದು ತಟ್ಟನೆ ಹೊಳೆಯದಿರಬಹುದು, ಅದಕ್ಕೆ ಮೊದಲ ಮಾತಾಗಿ ನೀವೇ ಹೇಳಿ: "ಡಾಕ್ಟ್ರೇ, ನಿನ್ನೆ ಸ್ಕೂಬಾ ಮಾಡಿದ್ದೆ. ಇಷ್ಟು ಮೀಟರ್, ಇಷ್ಟು ಹೊತ್ತು. ಮೊದಲು ಆಕ್ಸಿಜನ್ ಹಾಕಿ." ನಮಸ್ಕಾರ.