ತಿರುವಿ ಹಾಕ್ರಿ ಮಾಸ್ತರ

ಕೇಳುಗರಿಗೆ ನಮಸ್ಕಾರ.

ನಾನು ಧಾರವಾಡದ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತದ ಮಾಸ್ತರ. 6, 7 ಮತ್ತು 8ನೇ ತರಗತಿ ನನ್ನ ಪಾಲಿಗಿವೆ. ಇವತ್ತು ಮಾತಾಡುವುದು ಗಣಿತದ ಬಗ್ಗೆ ಅಲ್ಲ, ಹೆದರಿ ರೇಡಿಯೋ ಬಂದ್ ಮಾಡಬೇಡಿ. ನಮ್ಮ ಶಾಲೆಯ ಶನಿವಾರದ ಐಚ್ಛಿಕ ತರಗತಿಗಳಲ್ಲಿ ಈ ವರ್ಷ ಏನೇನು ನಡೆಯಿತು ಅಂತ ಹೇಳೋಣ ಅಂತ ಬಂದಿದ್ದೇನೆ. ನಡುವೆ ಗಣಿತ ನುಸುಳಿದರೆ ಅದು ನನ್ನ ಚಟ, ಹೊಟ್ಟೆಗೆ ಹಾಕಿಕೊಳ್ಳಿ.

ಶನಿವಾರ ನಮ್ಮಲ್ಲಿ ಬೆಳಗಿನ ಶಾಲೆ. ಕೊನೆಯ ಎರಡು ಪೀರಿಯಡ್ ಪಾಠ ಇಲ್ಲ. ಮಕ್ಕಳು ತಾವು ಆರಿಸಿಕೊಂಡ ಗುಂಪಿಗೆ ಹೋಗಬೇಕು. ಈ ಸಲ ಜೂನ್‌ನಲ್ಲಿ ನಾಲ್ಕು ಗುಂಪು ಮಾಡಿದೆವು. ಕಸೂತಿ, ಕೈತೋಟ, ಹಾಡು ಮತ್ತು ತಬಲಾ, ಗೋಡೆ ಪತ್ರಿಕೆ. ನಾಲ್ಕು ಹಾಳೆ ಬರೆದು ಸ್ಟಾಫ್ ರೂಮಿನ ಬಾಗಿಲಿಗೆ ಅಂಟಿಸಿದೆವು. ಬೇಕಾದ ಹಾಳೆಯಲ್ಲಿ ಹೆಸರು ಬರೆಯಿರಿ ಅಂದೆವು.

ಮಕ್ಕಳು ಹೇಗೆ ಆರಿಸುತ್ತಾರೆ ಗೊತ್ತಾ? ವಿಷಯ ನೋಡುವುದೇ ಇಲ್ಲ. ಒಬ್ಬ ಕೈತೋಟ ಅಂತ ಬರೆದ, ಅವನ ಬೆಂಚಿನವರೆಲ್ಲ ಕೈತೋಟ. ಆ ಬೆಂಚು ನೋಡಿ ಹಿಂದಿನ ಬೆಂಚು. ಕೈತೋಟ ಅಂದರೆ ಬಯಲಲ್ಲಿರಬಹುದು, ನಲ್ಲಿ ಹತ್ತಿರ, ಆಟದ ಮೈದಾನ ಇನ್ನೂ ಹತ್ತಿರ. ಹಾಳೆ ತುಂಬಿ ಹಿಂದಿನ ಪುಟಕ್ಕೂ ಹೋಯಿತು. ಹೆಡ್ ಅಕ್ಕೋರು ಇದನ್ನು ನೋಡಿ, "ಮೂರು ಶನಿವಾರ ಬಿಡ್ರಿ. ಆಮ್ಯಾಲ ಯಾರಿಗೆ ಬೇಕೋ ಅವರು ಒಮ್ಮೆ ಗುಂಪು ಬದಲಿ ಮಾಡಲಿ" ಅಂದರು. ನಾನು ಒಪ್ಪಲಿಲ್ಲ. ಶಾಲೆ ಏನು ಜಾತ್ರೆಯ ಅಂಗಡಿಯೇ, ಒಂದು ಬಳೆ ಹಾಕಿ ನೋಡಿ ಬೇಡ ಅಂತ ಇನ್ನೊಂದು ಹಾಕೋದಕ್ಕೆ ಅಂತ ವಾದ ಮಾಡಿದೆ. "ಬಳಿನೂ ಹಾಕ್ಕೊಂಡು ನೋಡೇ ತಗೋತಾರಲ್ರಿ" ಅಂದರು ಅಕ್ಕೋರು. ಅಲ್ಲಿಗೆ ಮಾತು ಮುಗಿಯಿತು.

ಕಸೂತಿ ಗೊತ್ತಿದ್ದ ಟೀಚರ್‌ಗೆ ಅದೇ ತಿಂಗಳು ವರ್ಗ ಆಯಿತು. ಉಳಿದವರೆಲ್ಲ ಒಂದೊಂದು ಗುಂಪು ಹಿಡಿದುಕೊಂಡಿದ್ದರು. ಹೀಗಾಗಿ ಸೂಜಿಗೆ ದಾರ ಪೋಣಿಸಲೂ ಬರದ ನನ್ನ ಕೈಗೆ ಕಸೂತಿ ಬಂತು. ಪುಣ್ಯಕ್ಕೆ ಶಾಲೆಯ ಹಿಂದಿನ ಓಣಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಮೊಮ್ಮಗ 6ನೇ ತರಗತಿ. ಕೇಳಿದ ಕೂಡಲೇ ಬರುತ್ತೇನೆ ಅಂದರು. ಒಂದು ಕರಾರು ಹಾಕಿದರು: ಮಾಸ್ತರೂ ಮಕ್ಕಳ ಜೊತೆ ಕೂತು ಕಲಿಯಬೇಕು.

ಗುಂಪಿಗೆ ಹೆಸರು ಕಡಿಮೆ ಇದ್ದವು. ಆಗ ನಾನೊಂದು ಜಾಣತನ ಮಾಡಿದೆ. 7ನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ತಾಯಿ ಮನೆಯಲ್ಲೇ ಕೂತು ಅಂಗಡಿಯವರ ಸೀರೆಗಳಿಗೆ ಕಸೂತಿ ಹಾಕಿಕೊಡುತ್ತಾರೆ. ಶಾಲೆ ಬಿಟ್ಟ ಮೇಲೆ ಇವಳೂ ಕೈಗೂಡಿಸುತ್ತಾಳೆ. ಇವಳಿದ್ದರೆ ನನ್ನ ಗುಂಪು ಗೆದ್ದ ಹಾಗೆ ಅಂದುಕೊಂಡು, ಅವಳ ಹೆಸರನ್ನು ಕೆಂಪು ಪೆನ್ನಿನಲ್ಲಿ ಕಸೂತಿ ಹಾಳೆಯ ಮೇಲ್ಗಡೆ ನಾನೇ ಬರೆದೆ. ಮರುದಿನ ನೋಡಿದರೆ ಆ ಹೆಸರಿನ ಮೇಲೆ ನೀಟಾಗಿ ಒಂದು ಗೆರೆ. ಗೋಡೆ ಪತ್ರಿಕೆಯ ಹಾಳೆಯಲ್ಲಿ ಅದೇ ಹೆಸರು, ಅವಳದೇ ಅಕ್ಷರದಲ್ಲಿ.

ಕರೆದು ಕೇಳಿದೆ. "ನಿನಗ ಬರತದಲ್ಲವಾ, ಯಾಕ ಬ್ಯಾಡ ಅಂದಿ?"

"ಮನ್ಯಾಗ ದಿನಾ ಅದನ್ನ ಮಾಡತೇನ್ರಿ ಸರ. ಸಾಲ್ಯಾಗೂ ಅದೇ ಏನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋಗವ್ವಾ ಅಂದೆ.

ಆಮೇಲೆ ಈ ಮಾತು ಬಹಳ ದಿನ ತಲೆಯಲ್ಲಿ ಕೂತಿತ್ತು. ನೋಡಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದ ಶಾಲೆ ಇರಲಿ ಅನ್ನುತ್ತದೆ. ಆಗ ಅವರು ಬಡಗಿ, ಕುಂಬಾರ, ತೋಟಗಾರ, ಕಲಾವಿದ ಇಂಥವರ ಹತ್ತಿರ ಕೆಲಸ ಕಲಿಯಲಿ ಅನ್ನುತ್ತದೆ. ಮಾತು ಹೊಸದೇನಲ್ಲ. ಕೈಕೆಲಸದ ಮೂಲಕವೇ ಪಾಠ ಆಗಲಿ ಅಂತ ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಹೇಳಿದ್ದರು. ಒಳ್ಳೆಯದೇ. ಆದರೆ 1953ರಲ್ಲಿ ಮದ್ರಾಸ್ ರಾಜ್ಯದಲ್ಲಿ ಇನ್ನೊಂದು ಯೋಜನೆ ಬಂತು. ಅರ್ಧ ದಿನ ಶಾಲೆ, ಉಳಿದ ಅರ್ಧ ದಿನ ಮಕ್ಕಳು ಮನೆಯಲ್ಲಿ ತಂದೆ ತಾಯಿಯ ಕಸುಬು ಕಲಿಯಲಿ ಅಂತ. ಜನ ಅದನ್ನು ಕುಲಕಸುಬಿನ ಶಿಕ್ಷಣ ಅಂತ ಕರೆದು ಸಿಟ್ಟಾದರು. ಮರುವರ್ಷವೇ ಕೈಬಿಡಬೇಕಾಯಿತು. ಬಿ.ಎಡ್. ಓದುವಾಗ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವನು ನಾನು. ಅದೇ ತಪ್ಪನ್ನು ಒಂದು ಕೆಂಪು ಪೆನ್ನಿನಲ್ಲಿ ಸಣ್ಣದಾಗಿ ಮಾಡಿಬಿಟ್ಟಿದ್ದೆ. ಕಸೂತಿಯವರ ಮಗಳು ಕಸೂತಿಗೆ. ಐಚ್ಛಿಕ ಅಂದರೆ ಬೇಡ ಅನ್ನುವುದಕ್ಕೂ ಜಾಗ ಇರಬೇಕು ಅಲ್ವಾ?

ಇರಲಿ, ಈಗ ಕಸೂತಿ ತರಗತಿಗೆ ಬನ್ನಿ.

ಅಜ್ಜಿ ಮೊದಲ ದಿನ ಎಲ್ಲರಿಗೂ ಅಂಗೈ ಅಗಲದ ಮ್ಯಾಟಿ ಬಟ್ಟೆ ಕೊಟ್ಟರು. ಅದರಲ್ಲಿ ಸಣ್ಣ ಸಣ್ಣ ತೂತು ಎದ್ದು ಕಾಣುತ್ತವೆ, ಎಣಿಸುವುದು ಸುಲಭ. ಆರೆಳೆಯ ಲಡಿಯಿಂದ ಎರಡೆಳೆ ಬಿಡಿಸಿ ಸೂಜಿಗೆ ಪೋಣಿಸಿಕೊಟ್ಟರು. ಪೆನ್ಸಿಲ್‌ನಲ್ಲಿ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಎಳೆ ಎಣಿಸಬೇಕು, ಅಷ್ಟೇ. ಕಸೂತಿಯಲ್ಲಿ ನಾಲ್ಕು ಥರದ ಹೊಲಿಗೆ ಇವೆ: ಗವಂತಿ, ಮುರಗಿ, ನೇಗಿ, ಮೆಂತಿ. ಮುರಗಿ ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಕತ್ತರಿ ಹಾಕಿದ ಹಾಗೆ. ನಾವು ಹಿಡಿದದ್ದು ಗವಂತಿ.

ರೇಡಿಯೋದಲ್ಲಿ ಸೂಜಿ ತೋರಿಸಲು ಆಗುವುದಿಲ್ಲ. ಮನಸ್ಸಿನಲ್ಲೇ ಒಂದು ನೇರ ಗೆರೆ ಎಳೆದುಕೊಳ್ಳಿ. ದಾರ ಒಂದು ಮನೆ ಬಟ್ಟೆಯ ಮೇಲೆ ಹೋಗುತ್ತದೆ, ಮುಂದಿನ ಮನೆ ಬಟ್ಟೆಯ ಕೆಳಗೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಗೆರೆ ಮುಗಿದಾಗ ಅರ್ಧವೇ ಕಾಣುತ್ತದೆ, ನಡುನಡುವೆ ಖಾಲಿ. ಈಗ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಬರುವಾಗ ಖಾಲಿ ಬಿಟ್ಟಿದ್ದು ಒಂದೊಂದೇ ತುಂಬುತ್ತಾ ಬರುತ್ತದೆ. ಮುಗಿದ ಮೇಲೆ ಬಟ್ಟೆಯ ಮುಂದಿನ ಮೈ, ಹಿಂದಿನ ಮೈ ಎರಡೂ ಒಂದೇ. ಯಾವುದು ಸುಲ್ಟಾ, ಯಾವುದು ಉಲ್ಟಾ ಅಂತ ಹೇಳಲಾಗದು.

ನಾಲ್ಕನೇ ಶನಿವಾರ ನಾನೊಂದು ಸಣ್ಣ ಗೋಪುರ ಮುಗಿಸಿದೆ. ಚೆಂದ ಕಂಡಿತು. ಮಕ್ಕಳಿಗೆಲ್ಲ ತೋರಿಸಿದೆ. ಅಜ್ಜಿ ಕನ್ನಡಕ ಏರಿಸಿಕೊಂಡು ಒಂದು ಕ್ಷಣ ನೋಡಿ, "ತಿರುವಿ ಹಾಕ್ರಿ ಮಾಸ್ತರ" ಅಂದರು. ತಿರುವಿದೆ. ಹಿಂದೆ ಎರಡು ಕಡೆ ದಾರ ಅಡ್ಡಾದಿಡ್ಡಿ ಓಡಿತ್ತು. ಗೋಪುರದ ಗೆರೆಯಿಂದ ಪಕ್ಕಕ್ಕೆ ಒಡೆಯುವ ಕವಲಿಗೆ ಹೋಗಿ ಬರುವುದನ್ನು ಮರೆತು ಮುಂದೆ ಹೋಗಿ, ಆಮೇಲೆ ಹಿಂದಿನಿಂದ ಹಾರಿ ಬಂದಿದ್ದೆ. ಅಡ್ಡಗೋಡೆ ಜಿಗಿದು ಶಾಲೆಗೆ ಬರುವ ಹುಡುಗರ ಹಾಗೆ. "ಬಿಚ್ಚರಿ" ಅಂದರು. ಬಿಚ್ಚಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಜಾಸ್ತಿ ಆಯಿತು. ಆದರೆ ಯೋಚನೆಯಂತೂ ಬಂತು. 1736ರಲ್ಲಿ ಆಯ್ಲರ್ ಅನ್ನುವ ಗಣಿತಜ್ಞ ಒಂದು ಒಗಟು ಬಿಡಿಸಿದ್ದ. ಕೋನಿಗ್ಸ್‌ಬರ್ಗ್ ಅನ್ನುವ ಊರಿನಲ್ಲಿ ಏಳು ಸೇತುವೆ. ಪ್ರತಿಯೊಂದನ್ನೂ ಒಂದೇ ಸಲ ದಾಟಿ ಇಡೀ ಊರು ಸುತ್ತಬಹುದೇ? ಆಗುವುದಿಲ್ಲ ಅಂತ ತೋರಿಸಿಕೊಟ್ಟ. ಆದರೆ ಪ್ರತಿ ಸೇತುವೆಯನ್ನೂ ಎರಡೆರಡು ಸಲ ದಾಟಬಹುದು ಅಂದರೆ? ಆಗ ಯಾವ ಊರಾದರೂ ಸರಿ, ಹೊರಟಲ್ಲಿಗೇ ಬಂದು ನಿಲ್ಲಬಹುದು. ಗವಂತಿಯೂ ಇದೇ. ಪ್ರತಿ ಗೆರೆಯ ಮೇಲೂ ಎರಡು ಸಲ, ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ. ಅದಕ್ಕೇ ಗೋಪುರಕ್ಕೆ ಎಷ್ಟು ಕವಲಿದ್ದರೂ ದಾರ ಕತ್ತರಿಸದೆ ಮೊದಲಿನ ತೂತಿಗೆ ವಾಪಸ್ ಬರಲು ಸಾಧ್ಯ. ಸೋಮವಾರ ಇದನ್ನು 8ನೇ ತರಗತಿಗೆ ಹಲಗೆಯ ಮೇಲೆ ಬರೆದು ಹೇಳಿದೆ. ಶನಿವಾರ ಅಜ್ಜಿಗೂ ಹೇಳಿದೆ. ಅವರು ಪೂರ್ತಿ ಕೇಳಿ, "ಹೌದಲ್ರಿ, ಮತ್ತ ಹ್ಯಾಂಗ ಬರತೈತಿ?" ಅಂದರು.

ಆಗಸ್ಟ್‌ನಲ್ಲಿ 7 ಮತ್ತು 8ನೇ ತರಗತಿಯನ್ನು ಹುಬ್ಬಳ್ಳಿಯ ಬೆಂಗೇರಿಗೆ ಕರೆದುಕೊಂಡು ಹೋದೆವು. ಚಿಗರಿ ಬಸ್ಸಿನಲ್ಲಿ ಹೋಗಿ, ಇಳಿದು ಇನ್ನೊಂದು ಬಸ್ ಹಿಡಿದೆವು. ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಶುರುವಾದದ್ದು 1957ರಲ್ಲಿ. ರಾಷ್ಟ್ರಧ್ವಜ ತಯಾರಾಗುವ ಜಾಗ. ಅತಿ ಸಣ್ಣ ಧ್ವಜ ಆರು ಇಂಚು ಉದ್ದ, ನಾಲ್ಕು ಇಂಚು ಅಗಲ. ಅತಿ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಯಾವುದನ್ನೇ ಅಳೆಯಿರಿ, ಮೂರಕ್ಕೆ ಎರಡು. ಅನುಪಾತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಬೇಡ. ಚಕ್ರಕ್ಕೆ 24 ಅರ, ಅಂದರೆ 15 ಡಿಗ್ರಿಗೊಂದು. ಮಕ್ಕಳು ಕೋನಮಾಪಕ ಹಿಡಿದು ಎಳೆದು ನೋಡಿದರು. ಕೊನೆಯ ಅರ ಮೊದಲನೆಯದರ ಹತ್ತಿರ ಬಂದಾಗ ಅರ್ಧ ಜನರದ್ದು ತಪ್ಪಿತ್ತು. ಚಕ್ರವನ್ನು ಬಿಳಿ ಬಟ್ಟೆಯ ಎರಡೂ ಕಡೆ ಅಚ್ಚು ಹಾಕುತ್ತಾರೆ. ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂರಬೇಕು, ಕೂದಲೆಳೆಯಷ್ಟೂ ಸರಿಯುವಂತಿಲ್ಲ. ನನ್ನ ಕಸೂತಿ ಗುಂಪಿನ ಒಬ್ಬ ಹುಡುಗ ಮೆಲ್ಲಗೆ, "ಇಲ್ಲೂ ತಿರುವಿ ನೋಡತಾರ್ರಿ ಸರ" ಅಂದ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದುಪಡಿ ಆಗಿ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಸಿಕ್ಕಿದೆ. ಮನೆಗೆ ಹೋಗಿ ನಿಮ್ಮ ಧ್ವಜ ಯಾವ ಬಟ್ಟೆಯದ್ದು ನೋಡಿ ಬನ್ನಿ ಅಂದಿದ್ದೆ. ನೋಡಿ ಬಂದರು, ಸ್ವಲ್ಪ ಮುಖ ಸಣ್ಣದು ಮಾಡಿಕೊಂಡೇ.

ಕೈತೋಟದ ಸುದ್ದಿ ಬೇಗ ಹೇಳಿಬಿಡುತ್ತೇನೆ. ಗೊಬ್ಬರ ಹೊರುವ ಕೆಲಸ ಶುರುವಾದ ಕೂಡಲೇ ಅರ್ಧ ಜನ ಬೇರೆ ಗುಂಪಿಗೆ ಹೋದರು. ಉಳಿದವರು ನಿಜವಾಗಿ ಮಣ್ಣು ಇಷ್ಟಪಡುವವರು. ಮೆಂತ್ಯ ಸೊಪ್ಪು ಒಂದು ತಿಂಗಳಿಗೆ ಬಂತು, ಬಿಸಿಯೂಟದ ಸಾರಿಗೆ ಬಿತ್ತು. ದಸರಾ ರಜೆಯಲ್ಲಿ ನೀರು ಯಾರು ಹಾಕಬೇಕು ಅಂತ ಪಟ್ಟಿ ಮಾಡಲು ಎಲ್ಲರೂ ಮರೆತೆವು. ಬದನೆ ಗಿಡ ಒಣಗಿದವು. ಮಂಗ್ಯಾಗಳ ಪಾಲೂ ಇದೆ, ಎಲ್ಲ ನಮ್ಮ ತಪ್ಪಲ್ಲ.

ಹಾಡಿನ ಗುಂಪಿಗೆ ಇದ್ದದ್ದು ಒಂದು ಜೊತೆ ತಬಲಾ, ಅದರಲ್ಲೂ ಎಡಗಡೆಯದ್ದರ ಚರ್ಮ ಹರಿದಿತ್ತು. ಹೀಗಾಗಿ ಬೆಂಚಿನ ಮೇಲೆ ತೀನ್‌ತಾಲ ಕಲಿತರು. ಈಗ ಅವರು ಗಣಿತದ ಪೀರಿಯಡ್‌ನಲ್ಲೂ ಬೆಂಚು ಬಡಿಯುತ್ತಾರೆ, 16 ಮಾತ್ರೆ ಸರಿಯಾಗಿ ಬರುತ್ತದೆ, ಬೈಯುವುದು ಹೇಗೆ? ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರ ಹತ್ತಿರ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬರುತ್ತಿದ್ದರು ಅಂತ ಸಂಗೀತದ ಸರ್ ಹೇಳಿದರು. "ಟಿಕೀಟು ಎಷ್ಟಿತ್ರಿ?" ಅಂತ ಕೇಳಿದ ಒಬ್ಬ.

ಇನ್ನು ಗೋಡೆ ಪತ್ರಿಕೆ. ತಿಂಗಳಿಗೊಂದು ಸಂಚಿಕೆ, ಡ್ರಾಯಿಂಗ್ ಶೀಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ. ಉಳಿದ ಮೂರು ಗುಂಪಿನ ಸುದ್ದಿ ಬರೆಯುವುದು ಇವರ ಕೆಲಸ. ನಾನು ಹೇಳಿದ ಆ ಹುಡುಗಿಗೆ ಕಸೂತಿ ವಿಭಾಗದ ವರದಿ ಕೊಟ್ಟಿದ್ದರು. ಜುಲೈ ಸಂಚಿಕೆಯಲ್ಲಿ ಹೀಗಿತ್ತು: "ಕಸೂತಿ ಗುಂಪಿನಲ್ಲಿ 11 ಮಕ್ಕಳು ಮತ್ತು 1 ಮಾಸ್ತರು ಕಲಿಯುತ್ತಿದ್ದಾರೆ. ಮಾಸ್ತರು 3 ಸಲ ಬೆರಳಿಗೆ ಚುಚ್ಚಿಕೊಂಡಿದ್ದಾರೆ. ಅವರ ಗೋಪುರ ಮುಂದಿನಿಂದ ಚೆನ್ನಾಗಿತ್ತು. ಹಿಂದೆ 2 ಕಡೆ ದಾರ ಜಿಗಿದಿತ್ತು." ಇಡೀ ಶಾಲೆ ಓದಿತು. ಎರಡು ಕಡೆ ಅಂತ ಲೆಕ್ಕ ಸಮೇತ ಬರೆದಿದ್ದಳು. ಕಿಟಕಿಯ ಹೊರಗೆ ನಿಂತು ನೋಡಿದ್ದಳಂತೆ.

ಸೆಪ್ಟೆಂಬರ್ ಸಂಚಿಕೆಗೆ ಅಜ್ಜಿಯ ಸಂದರ್ಶನ ಮಾಡಿದಳು. ನಾನೂ ಪಕ್ಕದಲ್ಲಿದ್ದೆ. ನಾನಾಗಿದ್ದರೆ ಕಸೂತಿ ಎಷ್ಟು ಹಳೆಯದು, ತೇರು, ಆನೆ, ಗಿಳಿ, ತುಳಸಿಕಟ್ಟೆ ಎಲ್ಲ ಹೇಗೆ ಹಾಕುತ್ತೀರಿ ಅಂತ ಕೇಳುತ್ತಿದ್ದೆ. ಅವಳ ಮೊದಲ ಪ್ರಶ್ನೆ: "ಕಣ್ಣು ನೋಯಂಗಿಲ್ಲೇನ್ರಿ ಅಜ್ಜಿ?"

ಅಜ್ಜಿ ಸೂಜಿ ಕೆಳಗಿಟ್ಟರು. "ನೋಯತಾವ. ಬಿಳಿ ಬಟ್ಟಿ ಆದ್ರ ಸಂಜೀ ತನಕ ನಡೀತೈತಿ. ಚಂದ್ರಕಾಳಿ ಸೀರಿ ಕರೀದು ನೋಡು, ಎಳಿ ಕಾಣಂಗಿಲ್ಲ. ಹೊತ್ತು ಇಳದ ಮ್ಯಾಲ ನಾ ಅದನ್ನ ಮುಟ್ಟಂಗಿಲ್ಲ."

ಎರಡನೇ ಪ್ರಶ್ನೆ, ಒಂದು ಸೀರೆಗೆ ಎಷ್ಟು ದಿನ? ಮೂರನೆಯದು, ಅಂಗಡಿಯವರು ಎಷ್ಟು ಕೊಡುತ್ತಾರೆ? ಅಜ್ಜಿ ಎರಡಕ್ಕೂ ಉತ್ತರ ಕೊಟ್ಟರು. ದಿನಕ್ಕೆ ಎಷ್ಟು ಬಿತ್ತು ಅಂತ ಅವಳು ಅಲ್ಲೇ ಭಾಗಿಸಿ ನೋಡಿದಳು. ಅದನ್ನು ಪತ್ರಿಕೆಯಲ್ಲಿ ಹಾಕಲಾ ಅಂತ ಕೇಳಿದಳು. ಅಜ್ಜಿ ಬೇಡ ಅಂದರು. ಹಾಕಲಿಲ್ಲ. ನಾನೂ ಇಲ್ಲಿ ಹೇಳುವುದಿಲ್ಲ. ಆದರೆ ಆ ಭಾಗಾಕಾರವನ್ನು ನಾನೂ ನೋಡಿದೆ.

ಡಿಸೆಂಬರ್‌ನಲ್ಲಿ ಹೊಸ ಹಾಳೆ ಅಂಟಿಸುತ್ತೇವೆ. ಮಕ್ಕಳು ಎರಡು ಹೊಸ ಗುಂಪು ಕೇಳಿದ್ದಾರೆ. ಒಂದು ಸೈಕಲ್ ಪಂಕ್ಚರ್ ಮತ್ತು ರಿಪೇರಿ, ಇನ್ನೊಂದು ಅಡುಗೆ. ಸೈಕಲ್ ಗುಂಪಿನ ಮೊದಲ ಹೆಸರು ನಮ್ಮ ವರದಿಗಾರ್ತಿಯದ್ದೇ. ಮೂರು ಶನಿವಾರದ ನಿಯಮ ಹಾಗೇ ಇರುತ್ತದೆ, ಹೆಡ್ ಅಕ್ಕೋರ ಮುಂದೆ ನಾನು ಮತ್ತೆ ವಾದ ಮಾಡಲಿಲ್ಲ. ಪಾಲಕರು ಯಾರಾದರೂ ಕೇಳುತ್ತಿದ್ದರೆ ಒಂದು ವಿನಂತಿ. ಮನೆಯಲ್ಲಿ ಹಳೆಯ ಸೈಕಲ್ ಟ್ಯೂಬ್, ಪಾನಾ ಇದ್ದರೆ ನಿಮ್ಮ ಹತ್ತಿರದ ಶಾಲೆಗೆ ಕೊಡಿ. ಕೆಂಪು ಪೆನ್ನನ್ನು ನಾನು ಸ್ಟಾಫ್ ರೂಮಿನ ಡ್ರಾವರ್‌ನಲ್ಲಿ ಇಟ್ಟಿದ್ದೇನೆ, ಉತ್ತರ ಪತ್ರಿಕೆ ತಿದ್ದುವಾಗ ಮಾತ್ರ ತೆಗೆಯುತ್ತೇನೆ.

ನನ್ನ ಎರಡನೇ ಗೋಪುರ ಮುಕ್ಕಾಲು ಭಾಗ ಆಗಿದೆ. ಹೋದ ಶನಿವಾರ ಅಜ್ಜಿ ಕೇಳುವ ಮೊದಲೇ ನಾನೇ ತಿರುವಿ ಹಾಕಿ ತೋರಿಸಿದೆ. ಬಹಳ ಹೊತ್ತು ನೋಡಿದರು. ಒಂದೇ ಕಡೆ ಬಿಚ್ಚಬೇಕಂತೆ.

ನಮಸ್ಕಾರ.